ಒಂದು ಸೈಡ್ ಹಚ್ಚಿ ಕೇಳಿಸಿ: ಕಣ್ತಪ್ಪಿದ ಹೊಸ ಪಾಪ್ ರೆಕಾರ್ಡುಗಳನ್ನು ಕೊಳ್ಳುವವರಿಗೆ ಪರಿಚಯಿಸುವ ಬಗೆ

ಬೆಳಗಾವಿಯಲ್ಲಿ ರೆಕಾರ್ಡ್ ಕೊಳ್ಳುವವರಲ್ಲಿ ಈಗ ಎರಡು ಬಗೆಯವರಿದ್ದಾರೆ. ಹಳಬರ ಮನೆಯಲ್ಲಿ ಅಪ್ಪನ ಕಾಲದ ಪ್ಲೇಟುಗಳ ಕಟ್ಟು ಇರುತ್ತದೆ. ನಾಟ್ಯಗೀತೆ, ಖ್ಯಾಲ್, ಗಜಲ್, ಹಿಂದಿ ಸಿನಿಮಾ ಹಾಡು. ಇನ್ನೊಂದು ಕಡೆ, ಮೊದಲ ಸಂಬಳದಲ್ಲಿ ಪ್ಲೇಯರ್ ತಂದ ಹುಡುಗ ಹುಡುಗಿಯರು. ಹೊಸ ರೆಕಾರ್ಡುಗಳಲ್ಲಿ ಯಾವುದು ಚೆನ್ನಾಗಿದೆ ಅಂತ ಹೇಳುವವರು ಇಬ್ಬರಿಗೂ ಇಲ್ಲ. ಹಾಗಾಗಿ ಹಳಬರು ಹಳೆಯದನ್ನೇ ಮತ್ತೆ ಕೊಳ್ಳುತ್ತಾರೆ. ಹೊಸಬರು ಎಲ್ಲರಿಗೂ ಗೊತ್ತಿರುವ ನಾಲ್ಕು ಹೆಸರುಗಳನ್ನೇ ಕೊಳ್ಳುತ್ತಾರೆ. ನಡುವೆ ನಿಜಕ್ಕೂ ಚಂದದ ಆಲ್ಬಮ್ಮುಗಳು ಕಪಾಟಿನಲ್ಲಿ ಉಳಿದುಬಿಡುತ್ತವೆ.

ಊರಿನ ಒಂದು ಸಣ್ಣ ಅಂಗಡಿಯಲ್ಲಿ ರೆಕಾರ್ಡ್ ಕಪಾಟು ನೋಡಿಕೊಳ್ಳುವವನು ನಾನು. ಈ ಲೇಖನ ನನ್ನಂಥ ಅಂಗಡಿಯವರಿಗೆ. ಅಷ್ಟೇ ಮುಖ್ಯವಾಗಿ, ಗೆಳೆಯರ ಬಳಗದಲ್ಲಿ 'ಯಾವುದು ತಗೋಬೇಕು ಹೇಳು' ಅಂತ ಎಲ್ಲರೂ ಕೇಳುವ ಆ ಒಬ್ಬರಿಗೆ. ನಾನು ಹೇಳುವುದು ಇಷ್ಟೇ: ಯಾರಿಗೂ ಇಡೀ ಆಲ್ಬಮ್ ಶಿಫಾರಸು ಮಾಡಲು ಹೋಗಬೇಡಿ. ಅವರ ಕಿವಿಗೆ ಹೊಂದುವ ಒಂದು ಸೈಡ್, ಅಂದರೆ ರೆಕಾರ್ಡಿನ ಒಂದು ಬದಿ ಹುಡುಕಿ, ಅದನ್ನು ಮೊದಲಿಂದ ಕೊನೆಯವರೆಗೆ ಕೇಳಿಸಿ.

ಒಳ್ಳೆಯದು ಯಾಕೆ ಕಣ್ತಪ್ಪುತ್ತದೆ

ಇದನ್ನು ಮೊದಲು ತಿಳಿದುಕೊಂಡರೆ ಕಪಾಟಿನಲ್ಲಿ ಉಳಿದ ರೆಕಾರ್ಡಿನ ಬಗ್ಗೆ ತಪ್ಪು ಅಭಿಪ್ರಾಯ ಬರುವುದಿಲ್ಲ. ಮಾರಾಟವಾಗದ್ದಕ್ಕೆ ಹಾಡು ಕೆಟ್ಟದ್ದು ಅನ್ನುವುದೇ ಕಾರಣ ಆಗಿರಬೇಕಿಲ್ಲ.

ರೆಕಾರ್ಡ್ ಒತ್ತುವ ಮೊದಲು ಹಾಡನ್ನು ಸಾಮಾನ್ಯವಾಗಿ ಲ್ಯಾಕರ್ ಬಳಿದ ತಟ್ಟೆಯ ಮೇಲೆ ಕೊರೆಯಬೇಕು. ಅಂಥ ತಟ್ಟೆ ತಯಾರಿಸುವ ಕಾರ್ಖಾನೆಗಳು ಜಗತ್ತಿನಲ್ಲಿ ಮುಖ್ಯವಾಗಿ ಎರಡೇ ಇದ್ದವು. ಕ್ಯಾಲಿಫೋರ್ನಿಯಾದಲ್ಲಿ ಅಪೊಲೊ ಮಾಸ್ಟರ್ಸ್, ಜಪಾನಿನಲ್ಲಿ ಇನ್ನೊಂದು. 2020ರ ಫೆಬ್ರುವರಿಯಲ್ಲಿ ಅಪೊಲೊ ಬೆಂಕಿಗೆ ಸುಟ್ಟುಹೋಯಿತು. ಅದರ ಹಿಂದೆಯೇ ಕೊರೋನಾ ಬಂತು. ಮನೆಯಲ್ಲಿ ಕೂತ ಜನ ರೆಕಾರ್ಡ್ ಕೊಳ್ಳುವುದು ಜಾಸ್ತಿ ಮಾಡಿದರು. 2022ರಲ್ಲಿ ಅಮೆರಿಕದಲ್ಲಿ ಸುಮಾರು 4.1 ಕೋಟಿ ವಿನೈಲ್ ರೆಕಾರ್ಡ್ ಮಾರಾಟವಾದವು, ಸಿಡಿ ಸುಮಾರು 3.3 ಕೋಟಿ. 1987ರ ನಂತರ ಸಂಖ್ಯೆಯಲ್ಲಿ ರೆಕಾರ್ಡು ಸಿಡಿಯನ್ನು ದಾಟಿದ್ದು ಅದೇ ಮೊದಲು.

ಬೇಡಿಕೆ ಏರಿತು, ಒತ್ತುವ ಯಂತ್ರಗಳು ಅಷ್ಟೇ ಇದ್ದವು. ದೊಡ್ಡ ಕಂಪನಿಗಳ ಆರ್ಡರ್ ಮುಂದೆ ನಿಂತವು. ಸಣ್ಣ ಲೇಬಲ್ಲಿನವರು, ಅಂದರೆ ಸಣ್ಣ ರೆಕಾರ್ಡ್ ಕಂಪನಿಯವರು, ತಿಂಗಳುಗಟ್ಟಲೆ ಕಾದರು. ಹಾಡು ಮೊಬೈಲಿಗೆ ಬೇಸಿಗೆಯಲ್ಲಿ ಬಂದರೆ ರೆಕಾರ್ಡು ಅಂಗಡಿಗೆ ಬರುತ್ತಿದ್ದುದು ಮಳೆಗಾಲ ಮುಗಿದ ಮೇಲೆ. ಅಷ್ಟರಲ್ಲಿ ವಿಮರ್ಶೆ ಮುಗಿದಿರುತ್ತಿತ್ತು, ಮಾತು ಮುಗಿದಿರುತ್ತಿತ್ತು. ಸಾಲದ್ದಕ್ಕೆ ಸಣ್ಣ ಲೇಬಲ್ಲುಗಳು ಮೊದಲ ಸಲ 300 ಅಥವಾ 500 ಪ್ರತಿ ಮಾತ್ರ ಒತ್ತಿಸುವುದು ಮಾಮೂಲು. ಆ ಪ್ರತಿ ಬೆಳಗಾವಿಯ ತನಕ ಬಂದಿದೆ ಅಂದರೆ ಅದಕ್ಕೆ ಒಬ್ಬ ಕೇಳುಗ ಸಿಗಲೇಬೇಕು. ಹಾಗಂತ ನನಗನಿಸುತ್ತದೆ.

ಮೊದಲು ಕೇಳಿ, ಆಮೇಲೆ ಹೇಳಿ

'ನಿಮಗೆ ಎಂಥ ಸಂಗೀತ ಇಷ್ಟ' ಅಂತ ಕೇಳಿದರೆ ಉತ್ತರ ಬರುವುದಿಲ್ಲ. 'ಎಲ್ಲಾ ಕೇಳ್ತೀನ್ರಿ' ಅಂದುಬಿಡುತ್ತಾರೆ. ಬದಲಿಗೆ ಹೀಗೆ ಕೇಳಿ: "ಕಾಕಾ, ಮನ್ಯಾಗ ಯಾವ ಪ್ಲೇಟ್ ಭಾಳ ಹಚ್ತೀರಿ?" ಕೂಡಲೇ ಒಂದು ಹೆಸರು ಬರುತ್ತದೆ. ಆ ಹೆಸರಿನ ಜೊತೆ ಮುಖದಲ್ಲಿ ಒಂದು ಬೆಳಕೂ ಬರುತ್ತದೆ. ಆ ರೆಕಾರ್ಡಿನಲ್ಲಿ ಅವರಿಗೆ ಹಿಡಿಸಿದ್ದು ಏನು ಅಂತ ಮುಂದಿನ ಪ್ರಶ್ನೆ. ದನಿಯೇ? ಸಾಹಿತ್ಯವೇ? ಠೇಕಾ? ಹಿಂದಿನ ವಾದ್ಯಮೇಳ? ಈ ನಾಲ್ಕರಲ್ಲಿ ಒಂದು ಸಿಕ್ಕರೆ ಅರ್ಧ ಕೆಲಸ ಆಯಿತು.

ಯಾವಾಗ ಕೇಳುತ್ತಾರೆ ಅನ್ನುವುದೂ ಮುಖ್ಯ. ಬೆಳಗ್ಗೆ ಪೂಜೆ ಮುಗಿಸಿ ಚಹಾ ಕುಡಿಯುತ್ತಾ ಕೇಳುವವರಿಗೆ ಒಂದು ಬಗೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸಣ್ಣ ದನಿಯಲ್ಲಿ ಕೇಳುವವರಿಗೆ ಇನ್ನೊಂದು ಬಗೆ. ಮನೆಯಲ್ಲಿ ಜೊತೆಗೆ ಕೇಳುವವರು ಯಾರು ಅಂತಲೂ ವಿಚಾರಿಸಿ. ಮಗಳೂ ಕೂತು ಕೇಳುತ್ತಾಳೆ ಅಂದರೆ ಆಯ್ಕೆ ಬದಲಾಗುತ್ತದೆ.

ಕೊನೆಗೆ ಪ್ಲೇಯರ್ ಯಾವುದು ಅಂತ ಕೇಳಿ. ಇದನ್ನು ಬಿಡುವವರೇ ಜಾಸ್ತಿ. ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರುಗಳಲ್ಲಿ ಸೂಜಿ ಕೂರಿಸಿದ ಭಾಗ, ಅಂದರೆ ಕಾರ್ಟ್ರಿಜ್, ಸಾಮಾನ್ಯವಾಗಿ ಸೆರಾಮಿಕ್ ಬಗೆಯದ್ದಾಗಿರುತ್ತದೆ. ಸೂಜಿಯ ಭಾರ 5-6 ಗ್ರಾಂ ಬೀಳುತ್ತದೆ. ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಆದರೆ 2 ಗ್ರಾಂ ಆಸುಪಾಸು ಸಾಕು. ಬೇಸ್ ಜೋರಾಗಿರುವ ಇಂದಿನ ಪಾಪ್ ರೆಕಾರ್ಡನ್ನು ಸೂಟ್‌ಕೇಸ್ ಪ್ಲೇಯರಿಗೆ ಹಾಕಿದರೆ ಸೂಜಿ ಹಾರುವುದುಂಟು. ಕೊಂಡವರು ರೆಕಾರ್ಡೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅಂಥವರಿಗೆ ಗಿಟಾರ್, ದನಿ ಮುಖ್ಯವಾಗಿರುವ ಮೆದು ಆಲ್ಬಮ್ ಕೊಡಿ. ಪ್ಲೇಯರ್ ಬದಲಿಸುವ ಮನಸ್ಸಿದ್ದರೆ ಆಡಿಯೋ-ಟೆಕ್ನಿಕಾದ ಎಲ್‌ಪಿ 60 ಎಕ್ಸ್ ಥರದ್ದು ಆರಂಭಕ್ಕೆ ಸಾಕು. ಅದರಲ್ಲಿ ಸೂಜಿಯ ಸಣ್ಣ ದನಿಯನ್ನು ಹಿಗ್ಗಿಸುವ ಪ್ರಿಆಂಪ್ ಒಳಗೇ ಇರುವುದರಿಂದ ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರಿಗೆ ನೇರ ಜೋಡಿಸಬಹುದು.

ಹಳಬರ ಮನೆಯಲ್ಲಿ ಎಚ್‌ಎಂವಿ ಫಿಯೆಸ್ಟಾ ಎಂಬ ಹಳೆಯ ಪ್ಲೇಯರ್ ಇದ್ದರೆ ಒಂದು ಎಚ್ಚರಿಕೆ ಹೇಳಲೇಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟಿನಲ್ಲಿ ಸೂಜಿ ಓಡುವ ಗೀರು ಅಗಲ, ಎಲ್‌ಪಿಯ, ಅಂದರೆ ಈಗಿನ ವಿನೈಲ್ ಆಲ್ಬಮ್ಮಿನ, ಗೀರು ಬಹಳ ಸಣ್ಣದು. ಎರಡಕ್ಕೂ ಬೇರೆ ಬೇರೆ ಸೂಜಿ ಬೇಕು. 78ರ ಸೂಜಿಯಲ್ಲಿ ಹೊಸ ಎಲ್‌ಪಿ ಹಚ್ಚಿದರೆ ಮೂರು ಸಾವಿರ ರೂಪಾಯಿಯ ರೆಕಾರ್ಡು ಹಾಳಾಗುತ್ತದೆ.

ಸೈಡ್ ಯಾಕೆ?

12 ಇಂಚಿನ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಸೈಡಿಗೆ 18ರಿಂದ 20 ನಿಮಿಷ ಹಾಡಿದ್ದರೆ ದನಿ ತುಂಬಿಕೊಂಡು ಬರುತ್ತದೆ. 22 ನಿಮಿಷ ದಾಟಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗುತ್ತದೆ. ದನಿಯ ಮಟ್ಟ ಇಳಿಯುತ್ತದೆ, ಬೇಸ್ ಸೊರಗುತ್ತದೆ. ಇದನ್ನು ಬಲ್ಲ ಕಲಾವಿದರು ಹಾಡುಗಳನ್ನು ಎರಡು ಕಂತಿನಂತೆ ಜೋಡಿಸುತ್ತಾರೆ. ಮೊದಲ ಸೈಡಿಗೆ ತನ್ನದೇ ಆರಂಭ, ತನ್ನದೇ ಕೊನೆ ಇರುತ್ತದೆ.

ಇನ್ನೊಂದು ವಿಷಯ ಇದೆ. ತಟ್ಟೆಯ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಸರಿಯುತ್ತದೆ. ನಡುವಿನ ಕಾಗದದ ಲೇಬಲ್ ಹತ್ತಿರ ಬಂದಾಗ ಅದು ಸುಮಾರು 20ಕ್ಕೆ ಇಳಿಯುತ್ತದೆ. ಅಷ್ಟೇ ದನಿಯನ್ನು ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ತುಂಬಬೇಕು. ಹಾಗಾಗಿ ಸೈಡಿನ ಕೊನೆಯ ಹಾಡಿನಲ್ಲಿ 'ಸ', 'ಶ' ಅಕ್ಷರಗಳು ಸೀಳಿದಂತೆ ಕೇಳುವುದುಂಟು. ಕೊನೆಯ ಹಾಡು ಮೆದುವಾಗಿದ್ದರೆ ಈ ತೊಂದರೆ ಕಾಣಿಸುವುದಿಲ್ಲ.

ಆದ್ದರಿಂದ ನೀವು ಯಾರಿಗಾದರೂ ಹೇಳುವ ಮೊದಲು ಎರಡೂ ಸೈಡ್ ಪೂರ್ತಿ ಕೇಳಿ. ಯಾವ ಸೈಡ್ ಒಂದೇ ಉಸಿರಿನಲ್ಲಿ ಸಾಗುತ್ತದೆ, ಯಾವುದರಲ್ಲಿ ಕೊನೆಯ ಹಾಡೂ ನಿಚ್ಚಳವಾಗಿದೆ ಅಂತ ಬರೆದಿಟ್ಟುಕೊಳ್ಳಿ. ಬಂದವರಿಗೆ ಆ ಸೈಡನ್ನೇ ಹಚ್ಚಿ. ಹಿಟ್ ಹಾಡಿಗೆ ಸೂಜಿ ಹಾರಿಸಬೇಡಿ. ಹಿಟ್ ಹಾಡು ಮೊಬೈಲಿನಲ್ಲಿ ಸಿಗುತ್ತದೆ. ಅದರ ಹಿಂದಿನ ಹಾಡು ಮುಗಿದು ಆ ನಾಲ್ಕು ಸೆಕೆಂಡಿನ ಬಿಡುವು ಕಳೆದು ಅದು ಶುರುವಾಗುವ ಸುಖ ರೆಕಾರ್ಡಿನಲ್ಲಿ ಮಾತ್ರ.

ಖಡೇಬಜಾರ ಕಡೆ ಸಂಜೆ ಹೊತ್ತು ಗದ್ದಲ ಬಹಳ. ಪೇಟೆಯ ನಡುವೆ ಅಂಗಡಿ ಇದ್ದರೆ ಕೇಳಿಸುವ ಕೆಲಸವನ್ನು ಬೆಳಗ್ಗೆ ಹನ್ನೊಂದರೊಳಗೆ ಇಟ್ಟುಕೊಳ್ಳಿ. ಒಂದು ಕುರ್ಚಿ ಹಾಕಿ, ಚಹಾ ತರಿಸಿ. ಹಾಡು ನಡೆಯುವಾಗ ನೀವು ಮಾತಾಡಬೇಡಿ. ಇದು ಬಹಳ ಕಷ್ಟ, ಆದರೆ ಮಾಡಲೇಬೇಕು. ಇಷ್ಟಪಟ್ಟದ್ದನ್ನು ಕೇಳಿಸುವಾಗ 'ಈಗ ನೋಡ್ರಿ, ಈಗ ಬರ್ತೈತಿ' ಅನ್ನಬೇಕು ಅನಿಸುತ್ತದೆ. ಕೇಳುವವರು ಅದನ್ನು ತಾವೇ ಕಂಡುಕೊಳ್ಳಲಿ.

ಯಾರ ಕಿವಿಗೆ ಯಾವುದು

ಈಗ ಆಲ್ಬಮ್ಮುಗಳ ವಿಚಾರ. ಇವುಗಳಲ್ಲಿ ಕೆಲವಕ್ಕೆ ಹೊರಗೆ ಹೆಸರು ಬಂದಿದೆ, ಪ್ರಶಸ್ತಿಯೂ ಬಂದಿದೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಗಳಿಗೆ ಮಾತ್ರ ಬಂದಿಲ್ಲ. ಹಾಗಾಗಿ ನಮ್ಮ ಮಟ್ಟಿಗೆ ಇವು ಕಣ್ತಪ್ಪಿದವೇ.

ಗಜಲ್ ಕೇಳುವವರಿಂದ ಶುರು ಮಾಡುತ್ತೇನೆ, ಯಾಕೆಂದರೆ ಅವರಿಗೆ ಹೇಳುವುದು ಎಲ್ಲಕ್ಕಿಂತ ಸುಲಭ. ಅರೂಜ್ ಆಫ್ತಾಬ್ ಲಾಹೋರಿನಲ್ಲಿ ಬೆಳೆದು ನ್ಯೂಯಾರ್ಕಿನಲ್ಲಿ ನೆಲೆಸಿದ ಗಾಯಕಿ. ಅವರ 'ವಲ್ಚರ್ ಪ್ರಿನ್ಸ್' 2021ರಲ್ಲಿ ಬಂತು. ಅದರ 'ಮೊಹಬ್ಬತ್' ಹಾಡಿಗೆ 2022ರಲ್ಲಿ ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿ ಸಿಕ್ಕಿತು. ಗ್ರ್ಯಾಮಿ ಪಡೆದ ಮೊದಲ ಪಾಕಿಸ್ತಾನಿ ಕಲಾವಿದೆ ಅವರು. ಆದರೆ ಅಂಗಡಿಗೆ ಬಂದವರಿಗೆ ಪ್ರಶಸ್ತಿಯ ಮಾತು ಬೇಡ. ಎರಡನೇ ಹಾಡು 'ದಿಯಾ ಹೈ', ಅದರ ಸಾಲುಗಳು ಮಿರ್ಜಾ ಗಾಲಿಬನವು. ಅಷ್ಟು ಹೇಳಿದರೆ ಸಾಕು. ಗಜಲ್ ಪ್ರಿಯರು ಕೂತು ಕೇಳುತ್ತಾರೆ. ತಬಲಾದ ಠೇಕಾ ಇರುವುದಿಲ್ಲ, ಹಾರ್ಮೋನಿಯಂ ಇಲ್ಲ. ಹಾರ್ಪ್, ಗಿಟಾರ್, ಪಿಟೀಲು ನಿಧಾನವಾಗಿ ಹರಡುತ್ತವೆ, ನಡುವೆ ಆ ತಗ್ಗಿದ ದನಿ. ಇದನ್ನು ಮೊದಲೇ ತಿಳಿಸಿ: "ಅಕ್ಕಾರ, ಇದರಾಗ ತಬಲಾ ಇಲ್ರಿ. ಎರಡ್ನೇ ಹಾಡ ಮುಗಿಯೂತನಾ ಕುಂದರ್ರಿ." ಮೊದಲ ಸೈಡನ್ನೇ ಹಚ್ಚಿ. ಸೂಟ್‌ಕೇಸ್ ಪ್ಲೇಯರಿನಲ್ಲೂ ಇದು ಚೆನ್ನಾಗಿ ಬರುತ್ತದೆ. ರಾತ್ರಿ ಕೇಳುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಅದು ಹಿಡಿಸಿದರೆ ಮುಂದಿನದು ಶೆಹೆರಜಾದ್ ಎಂಬ ಗಾಯಕಿಯ 'ಕಸ್ರ್'. 2024ರದ್ದು, ಇರೇಸ್ಡ್ ಟೇಪ್ಸ್ ಲೇಬಲ್ಲಿನದು. ಅರೂಜ್ ಅವರೇ ಅದರ ನಿರ್ಮಾಪಕಿ. ಚಿಕ್ಕ ರೆಕಾರ್ಡು. ಹಿಂದಿ-ಉರ್ದು ಮಾತು, ಅಮೆರಿಕದಲ್ಲಿ ಬೆಳೆದ ಹುಡುಗಿಯ ದನಿ. ಹೆಚ್ಚಿನವರು ಹೆಸರೇ ಕೇಳಿಲ್ಲ.

ಹಿಂದುಸ್ತಾನಿ ಕೇಳುವವರ ವಿಚಾರಕ್ಕೆ ಬಂದರೆ ಎಚ್ಚರ ಬೇಕು. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಬೆಳಗಾವಿಯ ಪಕ್ಕದಲ್ಲೇ ಇದೆ. ಈ ಭಾಗದವರ ಕಿವಿ ಸ್ವರದಲ್ಲಿ ಪಳಗಿದ್ದು. 'ಪಾಪ್' ಎಂದ ಕೂಡಲೇ ಅವರು ಎದ್ದು ಹೋಗಬಹುದು. ಅವರಿಗಾಗಿ ನಾನು ಇಡುವುದು ಚರಣ್‌ಜಿತ್ ಸಿಂಗ್ ಅವರ 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್'. ಮುಂಬೈಯ ಸಿನಿಮಾ ವಾದ್ಯಮೇಳಗಳಲ್ಲಿ ನುಡಿಸುತ್ತಿದ್ದವರು ಅವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಎಲೆಕ್ಟ್ರಾನಿಕ್ ವಾದ್ಯಯಂತ್ರ ಇಟ್ಟುಕೊಂಡು ಹತ್ತು ರಾಗ ನುಡಿಸಿದರು. ಲಲಿತ, ಭೂಪಾಲಿ, ತೋಡಿ, ಯಮನ್, ಮಾಲಕಂಸ ಎಲ್ಲ ಇವೆ. ಆಗ ಅದನ್ನು ಯಾರೂ ವಿಚಾರಿಸಲಿಲ್ಲ. 2010ರಲ್ಲಿ ಹಾಲೆಂಡಿನ ಒಂದು ಲೇಬಲ್ಲು ಮತ್ತೆ ಒತ್ತಿಸಿದಾಗ ಜಗತ್ತಿನ ಕಿವಿ ನೆಟ್ಟಗಾಯಿತು. ಶಿಕಾಗೊದಲ್ಲಿ ಆಸಿಡ್ ಹೌಸ್ ಎಂಬ ಕುಣಿತದ ಸಂಗೀತ ರೆಕಾರ್ಡಿಗೆ ಬರುವ ಐದು ವರ್ಷ ಮುಂಚೆಯೇ ಅದೇ ಯಂತ್ರಗಳಲ್ಲಿ ಅಂಥದೇ ನಾದ ಮುಂಬೈಯಲ್ಲಿ ಹೊರಟಿತ್ತು. ಹಾಡು ಹೊಸದಲ್ಲ ಅನ್ನುವುದು ನಿಜ. ಆದರೆ ಹೊಸದಾಗಿ ಒತ್ತಿದ, ಕಣ್ತಪ್ಪಿದ ರೆಕಾರ್ಡುಗಳಲ್ಲಿ ಇದು ನಮ್ಮ ಜನಕ್ಕೆ ಎಲ್ಲಕ್ಕಿಂತ ಹತ್ತಿರ. ಆಲಾಪ ಇಲ್ಲ, ಗಾಯನ ಇಲ್ಲ, ಯಂತ್ರದ ತಾಳದ ಮೇಲೆ ರಾಗದ ಸ್ವರ ಓಡುತ್ತದೆ ಅಂತ ಮೊದಲೇ ಹೇಳಿಬಿಡಿ. ಮಾಲಕಂಸ ಬಂದಾಗ ಅವರ ತಲೆ ತಾನಾಗಿ ಆಡುತ್ತದೆ.

ಎಪ್ಪತ್ತರ ದಶಕದ ಹಿಂದಿ ಸಿನಿಮಾ ಹಾಡಿನ ಹುಚ್ಚು ಇರುವವರು ನಮ್ಮಲ್ಲಿ ಬಹಳ. ಅವರು ಹುಡುಕುವುದು ಮೇಳದ ಹುರುಪು, ಬೇಸ್ ಗಿಟಾರ್, ಕೋರಸ್. ನ್ಯೂಯಾರ್ಕಿನ 'ಸೇ ಶಿ ಶಿ' ತಂಡದ 'ಸಿಲ್ವರ್' 2023ರದ್ದು. ಮೂವರು ಗಾಯಕಿಯರು ಸೇರಿ ಹಾಡುವ ಡಿಸ್ಕೊ. ಮೂವರಲ್ಲಿ ಪಿಯಾ ಮಲಿಕ್ ಭಾರತ ಮೂಲದವರು. ಅವರ ಮೇಲಿನ ಸ್ಥಾಯಿಯ ದನಿ ಕೇಳಿ ನಮ್ಮ ಹಳೆಯ ಕ್ಯಾಬರೆ ಹಾಡು ನೆನಪಾಗದೆ ಇರದು. ಅದರ ಜೊತೆ ಇಡಬಹುದಾದದ್ದು ರೂಪಾ ಅವರ 'ಡಿಸ್ಕೊ ಜಾಝ್'. ಬಂಗಾಳಿ ಗಾಯಕಿ, ಕೆನಡಾದ ಕ್ಯಾಲ್ಗರಿಯಲ್ಲಿ ರೆಕಾರ್ಡ್ ಮಾಡಿದ್ದು, ಸರೋದ್ ನುಡಿಸಿದವರು ಆಶಿಶ್ ಖಾನ್. ನಾಲ್ಕೇ ಹಾಡು. 1982ರಲ್ಲಿ ಬಂದು ಮರೆತುಹೋಗಿ 2019ರಲ್ಲಿ ನ್ಯೂಮರೊ ಗ್ರೂಪ್ ಲೇಬಲ್ ಮೂಲಕ ಮತ್ತೆ ಅಂಗಡಿಗೆ ಬಂತು. ಸರೋದಿನ ಮೀಂಡಿನ ಕೆಳಗೆ ಡಿಸ್ಕೊ ಬೇಸ್ ಕೇಳಿದವರು ಪೂರ್ತಿ ಸೈಡ್ ಮುಗಿಯದೆ ಏಳುವುದಿಲ್ಲ. ಬೇಸ್ ಜೋರಿದೆ, ಆದ್ದರಿಂದ ಪ್ಲೇಯರ್ ಯಾವುದು ಅಂತ ಕೇಳಿಯೇ ಕೊಡಿ.

ಗಿಟಾರಿನ ಇಂಪು, ನಯವಾದ ಕೋರಸ್ ಬೇಕು ಅನ್ನುವವರಿಗೆ 'ದಿ ಲೆಮನ್ ಟ್ವಿಗ್ಸ್'. ಅಮೆರಿಕದ ಲಾಂಗ್ ಐಲೆಂಡಿನ ಅಣ್ಣ-ತಮ್ಮ. 2023ರ 'ಎವ್ರಿಥಿಂಗ್ ಹಾರ್ಮನಿ' ಕೇಳಿದರೆ ಅರವತ್ತು-ಎಪ್ಪತ್ತರ ಕಾಲದ ರೆಕಾರ್ಡು ಅನಿಸುತ್ತದೆ.

ಭಾವಗೀತೆ ಕೇಳುವವರಿಗೆ ಮಾತು ಮುಖ್ಯ. ಇಂಗ್ಲಿಷ್, ಸ್ಪ್ಯಾನಿಷ್ ಹಾಡು ಕೊಟ್ಟರೆ 'ಮಾತ ತಿಳಿಯಂಗಿಲ್ರಿ' ಅನ್ನುತ್ತಾರೆ. ನ್ಯಾಯವೇ. ಆದರೆ ಬೀಳಗಿಯಿಂದ ಹೋದ ಅಮೀರ್‌ಬಾಯಿ ಕರ್ನಾಟಕಿ ಹಿಂದಿ, ಗುಜರಾತಿಯಲ್ಲಿ ಹಾಡಿ ಆ ಜನರ ಮನೆಮಾತಾದರು. ದನಿಯ ದಾರಿಯಿಂದ ಮಾತಿಗೆ ಹೋಗಬಹುದು. ಇವರಿಗೆ ನಾನು ಎರಡು ರೆಕಾರ್ಡು ತೋರಿಸುತ್ತೇನೆ. ಜೆಸ್ಸಿಕಾ ಪ್ರ್ಯಾಟ್ ಅವರ 'ಹಿಯರ್ ಇನ್ ದಿ ಪಿಚ್', 2024. ಒಂಬತ್ತು ಹಾಡು, ಒಟ್ಟು 27 ನಿಮಿಷ ಅಷ್ಟೇ. ಒಂದು ಸೈಡ್ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಗೀರುಗಳಿಗೆ ಜಾಗ ಧಾರಾಳ, ದನಿ ಪಕ್ಕದಲ್ಲೇ ಕೂತು ಹಾಡಿದಂತಿದೆ. ಇನ್ನೊಂದು ಮೆಕ್ಸಿಕೊದ ನಟಾಲಿಯಾ ಲಫೋರ್ಕಾಡೆ ಅವರ 'ದೆ ತೋದಾಸ್ ಲಾಸ್ ಫ್ಲೋರೆಸ್', 2022. ಎಲ್ಲರೂ ಒಟ್ಟಿಗೆ ಕೂತು ನುಡಿಸಿದ್ದನ್ನು ಟೇಪಿಗೆ ಹಿಡಿದ ಆಲ್ಬಮ್. ಕೊಡುವಾಗ ಎರಡು ಹಾಡಿನ ಸಾರಾಂಶವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಒಳಗಿಡಿ. ಈ ಸಣ್ಣ ಕೆಲಸದಿಂದ ರೆಕಾರ್ಡು ಮನೆಯಲ್ಲಿ ಮತ್ತೆ ಮತ್ತೆ ತಿರುಗುತ್ತದೆ.

ಹುಡುಗರಿಗೆ ಹೇಳುವ ರೀತಿ ಬೇರೆ. ಅವರು ಹಾಡನ್ನು ಮೊಬೈಲಿನಲ್ಲಿ ಆಗಲೇ ಕೇಳಿರುತ್ತಾರೆ. ಅವರಿಗೆ ಕವರನ್ನು ಕೈಗೆ ಕೊಡಿ. ವೈಸ್ ಬ್ಲಡ್ ಎಂಬ ಹೆಸರಲ್ಲಿ ಹಾಡುವ ಗಾಯಕಿಯ 'ಟೈಟಾನಿಕ್ ರೈಸಿಂಗ್' (2019) ಕವರಿನಲ್ಲಿ ನೀರಿನೊಳಗೆ ಮುಳುಗಿದ ಮಲಗುವ ಕೋಣೆ ಇದೆ. ಕೊಳದೊಳಗೆ ನಿಜವಾಗಿ ಕೋಣೆ ಕಟ್ಟಿ ತೆಗೆದ ಫೋಟೊ ಅದು. ಹನ್ನೆರಡು ಇಂಚಿನಲ್ಲಿ ನೋಡಿದಾಗ ಗೋಡೆಗೆ ಅಂಟಿಸಿದ ಪೋಸ್ಟರುಗಳೂ ಕಾಣುತ್ತವೆ. ಸಿಂಥಸೈಸರ್ ಮುಖ್ಯವಾಗಿರುವ ಸಿಂಥ್ ಪಾಪ್ ಇಷ್ಟಪಡುವವರಿಗೆ ಮ್ಯಾಗ್ಡಲೀನಾ ಬೇ ಜೋಡಿಯ 'ಇಮ್ಯಾಜಿನಲ್ ಡಿಸ್ಕ್', 2024. ಹಾಡಿನಿಂದ ಹಾಡಿಗೆ ಕೊಂಡಿ ಹಾಕಿದ ಆಲ್ಬಮ್ ಅದು. ಸೈಡ್ ಪೂರ್ತಿ ಕೇಳದೆ ಅದರ ಅಂದ ತಿಳಿಯುವುದಿಲ್ಲ. ಗಾಯಕಿ ಕಾರ್ಲಿ ರೇ ಜೆಪ್ಸನ್ ಹೆಸರು ಹೇಳಿದರೆ 'ಕಾಲ್ ಮಿ ಮೇಬಿ' ಎಂಬ ಆ ಒಂದು ಹಾಡು ಎಲ್ಲರಿಗೂ ಗೊತ್ತು. 2015ರ ಅವರ 'ಇಮೋಷನ್' ಆಲ್ಬಮ್ ಕೇಳಿದವರು ಮಾತ್ರ ಅಪರೂಪ. ಹಿಟ್ ಒಂದರ ನೆರಳಿನಲ್ಲಿ ಒಳ್ಳೆಯ ಆಲ್ಬಮ್ ಹೇಗೆ ಮರೆಯಾಗುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ.

ಅಪ್ಪ-ಮಗಳು ಇಬ್ಬರೂ ಕೂಡಿ ಕೇಳಲು ಏನಾದರೂ ಬೇಕು ಅಂದರೆ ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿಯ 'ಬಿಸ್ಮಿಲ್ಲಾ' (2019). ಕಂಪನಿ ಅನ್ನುವುದು ಹೆಸರು ಮಾತ್ರ, ಅದೊಂದು ತಂಡ. ಇಂಗ್ಲಿಷ್ ಹಾಡು, ಹಳೆಯ ಕಾಲದ ಗಾಯಕರ ಗತ್ತು, ನಡುವೆ ಕಹಳೆಗಳು. ನಮ್ಮ ದೇಶದ ತಂಡವೊಂದರ ಇಂಥ ಕೆಲಸ ನಮ್ಮವರಿಗೇ ಗೊತ್ತಿಲ್ಲ ಅನ್ನುವುದು ನನಗೆ ಬೇಜಾರಿನ ವಿಷಯ. ಕನ್ನಡದ ಹೊಸ ಪಾಪ್ ವಿನೈಲ್‌ನಲ್ಲಿ ಸಿಗುವುದು ಇನ್ನೂ ಅಪರೂಪ. ಬಂದವರು ಕೇಳಿದಾಗಲೆಲ್ಲ ಅದನ್ನು ಬರೆದಿಟ್ಟು ಕಲಾವಿದರಿಗೆ ತಿಳಿಸಿ. ಕೊಳ್ಳುವವರಿದ್ದಾರೆ ಅಂತ ಗೊತ್ತಾಗದೆ ಯಾರೂ ಒತ್ತಿಸುವುದಿಲ್ಲ.

ಹೇಳುವ ಮಾತು

ನಕ್ಷತ್ರ, ಅಂಕ, ಪಟ್ಟಿಯಲ್ಲಿ ಎಷ್ಟನೇ ಸ್ಥಾನ ಅಂತ ಹೇಳಬೇಡಿ. ಒಂದೇ ಸಾಲಿನಲ್ಲಿ ದನಿ ಹೇಗಿದೆ, ಠೇಕಾ ಹೇಗಿದೆ, ಯಾವ ಹೊತ್ತಿಗೆ ಒಪ್ಪುತ್ತದೆ ಅಂತ ಹೇಳಿ. ಕೊರತೆ ಇದ್ದರೆ ಅದನ್ನೂ ಹೇಳಿ. 'ಎರಡನೇ ಸೈಡ್ ಸ್ವಲ್ಪ ನಿಧಾನ' ಅಂತ ನೀವೇ ಹೇಳಿದರೆ ಮುಂದಿನ ಸಲ ನಿಮ್ಮ ಮಾತಿಗೆ ಬೆಲೆ ಇರುತ್ತದೆ. ಇದೇ ಸಾಲನ್ನು ಸಣ್ಣ ಚೀಟಿಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಬರೆದು ಹೊರಗಿನ ಪ್ಲಾಸ್ಟಿಕ್ ಕವರಿಗೆ ಅಂಟಿಸಿ. ರೆಕಾರ್ಡಿನ ರಟ್ಟಿನ ಕವರಿಗೆ ಅಂಟು ತಾಗಬಾರದು.

ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ತೋರಿಸಬೇಡಿ. ಹೊರದೇಶದ ಹೊಸ ಎಲ್‌ಪಿ ಸಾಮಾನ್ಯವಾಗಿ ₹2,500ರಿಂದ ₹4,000ರವರೆಗೆ ಆಗುತ್ತದೆ. ನಮ್ಮ ಊರಿನಲ್ಲಿ ಅದು ಸಣ್ಣ ದುಡ್ಡಲ್ಲ. ಇವತ್ತು ಬೇಡ ಅಂದವರನ್ನು ಒತ್ತಾಯ ಮಾಡಬೇಡಿ. ಹೆಸರು ಬರೆದುಕೊಟ್ಟು ಕಳಿಸಿ. ಮನೆಗೆ ಹೋಗಿ ಮೊಬೈಲಿನಲ್ಲಿ ಮತ್ತೊಮ್ಮೆ ಕೇಳಿ ಬರುವವರು ಬಹಳ ಜನ.

ತರಿಸುವಾಗ, ಪರೀಕ್ಷಿಸುವಾಗ

ಮುಂಬೈಯ ರಿದಂ ಹೌಸ್ ಎಂಬ ಸಂಗೀತದ ಅಂಗಡಿ 2016ರಲ್ಲಿ ಮುಚ್ಚಿದಾಗ ಈ ಭಾಗದ ಎಷ್ಟೋ ಜನಕ್ಕೆ ದಾರಿ ತಪ್ಪಿದಂತಾಗಿತ್ತು. ಈಗ ಬೇರೆ ದಾರಿಗಳಿವೆ. ಮುಂಬೈ ಮಾಹಿಮಿನ ದಿ ರಿವಾಲ್ವರ್ ಕ್ಲಬ್, ಬೆಂಗಳೂರಿನ ಆನ್ ದಿ ಜಂಗಲ್ ಫ್ಲೋರ್ ಹೊಸ ರೆಕಾರ್ಡ್ ಇಟ್ಟಿರುವ ಅಂಗಡಿಗಳು. ಬ್ಯಾಂಡ್‌ಕ್ಯಾಂಪ್ ಎಂಬ ವೆಬ್‌ಸೈಟಿನಲ್ಲಿ ಕಲಾವಿದರಿಂದಲೇ ನೇರ ಕೊಳ್ಳಬಹುದು, ಕೊಳ್ಳುವ ಮೊದಲು ಕೇಳಲೂಬಹುದು. ಯಾವ ವರ್ಷ ಯಾವ ದೇಶದಲ್ಲಿ ಒತ್ತಿದ ಪ್ರತಿ ಅಂತ ತಿಳಿಯಲು ಡಿಸ್ಕಾಗ್ಸ್ ಎಂಬ ವೆಬ್‌ಸೈಟ್ ನೋಡಿ. ಲೇಬಲ್ಲಿಗೂ ಗೀರಿಗೂ ನಡುವಿನ ನಯವಾದ ಜಾಗದಲ್ಲಿ ಕೆತ್ತಿದ ಅಕ್ಷರಗಳನ್ನು ಅಲ್ಲಿಯ ಮಾಹಿತಿಯ ಜೊತೆ ಹೋಲಿಸಿದರೆ ನಿಮ್ಮ ಕೈಯಲ್ಲಿರುವುದು ಯಾವ ಪ್ರತಿ ಅಂತ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು ಹೇಳಿಡಿ. ರೆಕಾರ್ಡಿನ ಸ್ಥಿತಿ 'ವೆರಿ ಗುಡ್' ಅಂತ ಬರೆದಿದ್ದರೆ ಬಹಳ ಚೆನ್ನಾಗಿದೆ ಅಂತ ತಿಳಿಯಬೇಡಿ. ಚಟಪಟ ಸದ್ದು ಕೇಳಿಯೇ ಕೇಳುತ್ತದೆ. 'ವೆರಿ ಗುಡ್ ಪ್ಲಸ್'ಗಿಂತ ಕೆಳಗೆ ಇಳಿಯದಿರುವುದು ಲೇಸು. 180 ಗ್ರಾಂ ತೂಕ ಅಂದ ಮಾತ್ರಕ್ಕೆ ದನಿ ಹೆಚ್ಚು ಚೆನ್ನಾಗಿರುವುದಿಲ್ಲ. ಚಿತ್ರ ಅಚ್ಚಾದ ಪಿಕ್ಚರ್ ಡಿಸ್ಕ್ ನೋಡಲು ಚಂದ, ಆದರೆ ಗುಸುಗುಸು ಸದ್ದು ಜಾಸ್ತಿ. ಮೊದಲ ರೆಕಾರ್ಡ್ ಕೊಳ್ಳುವವರಿಗೆ ಅದನ್ನು ಕೊಡಬೇಡಿ.

ಒಂದು ದೋಷವನ್ನು ನಮ್ಮ ಭಾಗದವರು ಎಲ್ಲರಿಗಿಂತ ಮೊದಲು ಹಿಡಿಯುತ್ತಾರೆ. ನಡುವಿನ ತೂತು ಸರಿಯಾಗಿ ಮಧ್ಯದಲ್ಲಿ ಇಲ್ಲದಿದ್ದರೆ ಸುತ್ತು ಸುತ್ತಿಗೂ ಸ್ವರ ಏರಿಳಿಯುತ್ತದೆ. ತಾಳದ ಹಾಡಿನಲ್ಲಿ ಅದು ಮುಚ್ಚಿಹೋಗಬಹುದು. ಉದ್ದಕ್ಕೆ ಹಿಡಿದ ಸ್ವರದಲ್ಲಿ ಅಡಗುವುದಿಲ್ಲ. ತಂಬೂರಿ ಕೇಳಿ ಬೆಳೆದ ಕಿವಿ ಕೂಡಲೇ 'ಸ್ವರ ಅಳ್ಳಾಡಾಕತ್ತೈತಿ' ಅನ್ನುತ್ತದೆ. ಹಾಗಾಗಿ ಪರೀಕ್ಷಿಸುವಾಗ ಪಿಯಾನೊ ಅಥವಾ ಉದ್ದನೆಯ ದನಿ ಇರುವ ಹಾಡನ್ನೇ ಆರಿಸಿ. ಸೂಜಿ ಇಟ್ಟಾಗ ಅದನ್ನು ಹಿಡಿದ ತೋಳು, ಅಂದರೆ ಟೋನ್‌ಆರ್ಮ್, ಎಡಕ್ಕೂ ಬಲಕ್ಕೂ ತೂಗುತ್ತಿದ್ದರೆ ಅದೇ ದೋಷ. ಮೇಲಕ್ಕೂ ಕೆಳಕ್ಕೂ ಕುಣಿದರೆ ರೆಕಾರ್ಡು ಸೊಟ್ಟಗಾಗಿದೆ. ಎರಡಕ್ಕೂ ಬದಲಿ ಕೇಳುವ ಹಕ್ಕು ನಿಮಗಿದೆ.

ಮಳೆ ಮತ್ತು ಬಿಸಿಲು

ಕೊಟ್ಟ ರೆಕಾರ್ಡ್ ಉಳಿಯಬೇಕು ಅಂದರೆ ಊರಿನ ಹವೆಯನ್ನೂ ಹೇಳಿಕೊಡಬೇಕು. ಬೆಳಗಾವಿಯಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಕವರಿಗೆ ಬೂಸು ಹಿಡಿಯುತ್ತದೆ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ರೆಕಾರ್ಡುಗಳ ನಡುವೆ ಗಾಳಿ ಆಡಲಿ, ಸಿಲಿಕಾ ಜೆಲ್ ಪೊಟ್ಟಣ ಇಡಿ. ವಿಜಯಪುರ, ಬಾಗಲಕೋಟೆಯಲ್ಲಿ ತೊಂದರೆ ಬೇರೆ, ಧೂಳು ಮತ್ತು ಬಿಸಿಲು. ಒಣ ಹವೆಯಲ್ಲಿ ತಟ್ಟೆಗೆ ಸ್ಥಿರ ವಿದ್ಯುತ್ ಏರಿ ಧೂಳನ್ನು ಎಳೆದುಕೊಳ್ಳುತ್ತದೆ. ಕಾಗದದ ಒಳಕವರಿನ ಬದಲು ಆಂಟಿಸ್ಟ್ಯಾಟಿಕ್ ಕವರು, ಪ್ರತಿ ಸಲ ಹಚ್ಚುವ ಮೊದಲು ಕಾರ್ಬನ್ ಬ್ರಷ್ಷು, ಇವೆರಡು ಸಾಕು. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಒಂದು ಗಂಟೆ ಬಿಟ್ಟರೂ ರೆಕಾರ್ಡು ಬಾಗಬಹುದು. ಯಾವಾಗಲೂ ನೆಟ್ಟಗೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಹಳಬರ ಮನೆಯ 78ರ ಅರಗಿನ ಪ್ಲೇಟುಗಳನ್ನು ಆಲ್ಕೋಹಾಲ್ ಇರುವ ದ್ರವದಿಂದ ಒರೆಸಲೇಬಾರದು. ಅರಗು ಕರಗುತ್ತದೆ.

ಕೂಡಿ ತರಿಸುವುದು

ಅಂಗಡಿ ಹತ್ತಿರ ಇಲ್ಲದ ಊರಿನಲ್ಲಿ ನಾಲ್ಕೈದು ಜನ ಸೇರಿ ತರಿಸುವುದೇ ಒಳ್ಳೆಯ ದಾರಿ. ಹೊರದೇಶದಿಂದ ಒಂದು ರೆಕಾರ್ಡಿಗೆ ಆಗುವ ಅಂಚೆ ಖರ್ಚಿಗೂ ನಾಲ್ಕಕ್ಕೆ ಆಗುವುದಕ್ಕೂ ಅಷ್ಟೇನೂ ಅಂತರ ಇರುವುದಿಲ್ಲ. ಸುಂಕ ಬೇರೆ ಬೀಳುತ್ತದೆ, ಅದನ್ನು ಮೊದಲೇ ಎಲ್ಲರಿಗೂ ತಿಳಿಸಿ. ದುಡ್ಡು ಮುಂಗಡ ಕೂಡಿಸಿ. ಆರ್ಡರ್ ಮಾಡುವ ಮೊದಲು ಒಂದು ಸಂಜೆ ಒಬ್ಬರ ಮನೆಯಲ್ಲಿ ಸೇರಿ, ಪ್ರತಿಯೊಬ್ಬರೂ ತಾವು ಆರಿಸಿದ ಆಲ್ಬಮ್ಮಿನ ಒಂದು ಸೈಡಿನಷ್ಟು ಹಾಡನ್ನು ಬ್ಯಾಂಡ್‌ಕ್ಯಾಂಪಿನಿಂದ ಒಳ್ಳೆಯ ಸ್ಪೀಕರಿನಲ್ಲಿ ಕೇಳಿಸಲಿ. ಒಂದೇ ರೆಕಾರ್ಡಿನ ಎರಡು ಪ್ರತಿ ಬರುವುದು ತಪ್ಪುತ್ತದೆ, ಬದಲಾಯಿಸಿಕೊಂಡು ಕೇಳಲೂ ಬರುತ್ತದೆ.

ಪಾರ್ಸೆಲ್ ಬಂದ ದಿನವೇ ಒಬ್ಬರು ಕೂತು ಎಲ್ಲ ರೆಕಾರ್ಡುಗಳ ಎರಡೂ ಸೈಡ್ ಪೂರ್ತಿ ಕೇಳಬೇಕು. ವಾಪಸ್ ಮಾಡುವ ಗಡುವು ಚಿಕ್ಕದಿರುತ್ತದೆ. ಡಬ್ಬ ಒಡೆಯುವಾಗ ವಿಡಿಯೊ ಮಾಡಿಟ್ಟುಕೊಳ್ಳಿ. ದೋಷ ಕಂಡರೆ ದೂರಿನಲ್ಲಿ ಯಾವ ಸೈಡು, ಎಷ್ಟನೇ ಹಾಡು, ಎಷ್ಟನೇ ನಿಮಿಷ ಅಂತ ಬರೆದು ಫೋಟೊ ಜೊತೆ ಕಳಿಸಿ. ಅಷ್ಟು ಸ್ಪಷ್ಟವಾಗಿ ಬರೆದರೆ ಸಣ್ಣ ಲೇಬಲ್ಲಿನವರೂ ಬೇಗ ಬದಲಿ ಕಳಿಸುತ್ತಾರೆ.